ವಾಸ್ತವ್ಯಕ್ಕೆ ಪುರಾವೆ: ಸಿಲೋನಿನ ತೋಟ ಕಾರ್ಮಿಕರ ಪೌರತ್ವ ಅರ್ಜಿಗಳ ಒಂದು ಪರಿಶೀಲನೆ

ಒಬ್ಬ ವ್ಯಕ್ತಿ ಒಂದು ನಾಡಿನಲ್ಲಿ ಹಲವು ವರ್ಷ ಬಾಳಿದ್ದಾನೆ ಎಂಬುದು ಒಂದು ಸಂಗತಿ. ಹಾಗೆ ಬಾಳಿದ್ದನ್ನು ಸರ್ಕಾರದ ಮುಂದೆ ಕಾಗದಪತ್ರಗಳ ಮೂಲಕ ಸಿದ್ಧಪಡಿಸುವುದು ಮತ್ತೊಂದು ಸಂಗತಿ. ಮೊದಲನೆಯದಕ್ಕೆ ನೆರೆಹೊರೆಯವರೇ ಸಾಕ್ಷಿ. ಎರಡನೆಯದಕ್ಕೆ ಯಾರೋ, ಎಂದೋ, ಬೇರಾವುದೋ ಉದ್ದೇಶಕ್ಕಾಗಿ ಬರೆದಿಟ್ಟ ದಾಖಲೆ ಬೇಕು. ಈ ಎರಡರ ನಡುವಣ ಅಂತರದಲ್ಲಿ ಎಷ್ಟು ಜನರ ಬದುಕು ಸಿಲುಕಬಲ್ಲದು ಎಂಬುದಕ್ಕೆ ದಕ್ಷಿಣ ಏಷ್ಯಾದ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಅದು ಸಿಲೋನಿನ (1972ರ ಮೇ 22ರಿಂದ ಶ್ರೀಲಂಕಾದ) ಬೆಟ್ಟಪ್ರದೇಶದ ಚಹಾ ಮತ್ತು ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ಕಾರ್ಮಿಕರ ಪೌರತ್ವದ ಪ್ರಶ್ನೆ. 1949ರ ಕಾಯಿದೆಯ ಪ್ರಕಾರ ಅವರು ಸಲ್ಲಿಸಬೇಕಾಗಿ ಬಂದ ವಾಸ್ತವ್ಯದ ಪುರಾವೆಗಳು ಯಾವುವು, ಅವು ದೊರೆಯುತ್ತಿದ್ದುದು ಎಲ್ಲಿ, ದೊರೆಯದೆ ಹೋದುದು ಏಕೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯ ಕನ್ನಡ ಸಂಶೋಧಕರಿಗೆ ಏಕೆ ಪ್ರಸ್ತುತ ಎಂಬ ಪ್ರಶ್ನೆ ಸಹಜ. ಹೀಗೆ ಸಿಲೋನಿನಿಂದ ಮರಳಿದ ಕುಟುಂಬಗಳಲ್ಲಿ ಕೆಲವು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ನೆಲೆಸಿವೆ ಎಂಬುದು ಒಂದು ಕಾರಣ. ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರ ವಲಸೆಯನ್ನು ಅಭ್ಯಾಸ ಮಾಡುವವರು ಬಳಸುವ ಆಕರಗಳೂ ಇದೇ ಜಾತಿಯವು ಎಂಬುದು ಇನ್ನೊಂದು ಕಾರಣ. ಹಾಜರಿ ಪುಸ್ತಕ, ಶಾಲೆಯ ದಾಖಲಾತಿ, ಪಡಿತರ ಚೀಟಿ, ಬಾಡಿಗೆ ರಸೀದಿ ಇವುಗಳನ್ನು ಓದುವ ಬಗೆಯನ್ನು ಈ ಪ್ರಕರಣ ಚೆನ್ನಾಗಿ ಕಲಿಸುತ್ತದೆ.

1. ಹಿನ್ನೆಲೆ

ದಕ್ಷಿಣ ಭಾರತದ ತಮಿಳು ಜಿಲ್ಲೆಗಳಿಂದ ಸಿಲೋನಿನ ತೋಟಗಳಿಗೆ ಕೂಲಿಗಳ ವಲಸೆ ಪ್ರಾರಂಭವಾದದ್ದು 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಕಾಫಿ ಬೆಳೆಯ ಕಾಲದಲ್ಲಿ. ಕಾಫಿಯ ಕೆಲಸ ಋತುಮಾನದ್ದಾದ ಕಾರಣ ಜನ ಕೊಯ್ಲಿನ ವೇಳೆಗೆ ಬಂದು, ಮುಗಿದ ಮೇಲೆ ಊರಿಗೆ ಮರಳುತ್ತಿದ್ದರು. 1869ರಲ್ಲಿ ಕಾಣಿಸಿಕೊಂಡ ಎಲೆರೋಗದಿಂದ ಕಾಫಿ ನಾಶವಾಗಿ ಆ ಜಾಗಕ್ಕೆ ಚಹಾ ಬಂದಿತು. ಚಹಾ ಎಲೆಯನ್ನು ವರ್ಷವಿಡೀ ಕೊಯ್ಯಬೇಕು. ಆದ್ದರಿಂದ ಕುಟುಂಬಸಮೇತ ನೆಲೆಸಿದ ಕಾರ್ಮಿಕ ಸಮುದಾಯವೊಂದು ಅಲ್ಲಿ ರೂಪುಗೊಂಡಿತು. ಕೊಡಗು, ಚಿಕ್ಕಮಗಳೂರುಗಳ ತೋಟಗಳನ್ನು ಬಲ್ಲವರಿಗೆ ಅಲ್ಲಿನ ವ್ಯವಸ್ಥೆ ಅಪರಿಚಿತವಲ್ಲ. ನಮ್ಮಲ್ಲಿ ಮೇಸ್ತ್ರಿ ಇದ್ದಂತೆ ಅಲ್ಲಿ ಕಂಗಾಣಿ. ಇಲ್ಲಿಯ ಹಾಗೆಯೇ ಅಲ್ಲಿಯೂ ಸಾಲುಸಾಲಾಗಿ ಕಟ್ಟಿದ ಲೈನ್ ಮನೆಗಳು. ಲೆಕ್ಕ ಬರೆಯಲು ತೋಟದ ಕಚೇರಿಯ ಗುಮಾಸ್ತ. 1946ರ ಜನಗಣತಿಯ ವೇಳೆಗೆ ದ್ವೀಪದಲ್ಲಿ ಭಾರತೀಯ ತಮಿಳರೆಂದು ನಮೂದಾದವರ ಸಂಖ್ಯೆ ಸುಮಾರು 7,80,000. ಒಟ್ಟು ಜನಸಂಖ್ಯೆಯ ಶೇಕಡ 12ರ ಸಮೀಪ.

ಇವರ ವಾಸ್ತವ್ಯವನ್ನು ಅಳೆಯುವ ಪ್ರಯತ್ನ 1949ಕ್ಕಿಂತ ಮೊದಲೇ ನಡೆದಿತ್ತು. ಡೊನೊಮೋರ್ ಆಯೋಗದ ಶಿಫಾರಸಿನ ಮೇಲೆ 1931ರಲ್ಲಿ ಸಾರ್ವತ್ರಿಕ ಮತದಾನ ಜಾರಿಗೆ ಬಂದಾಗ, ಸಿಲೋನನ್ನು ಅಧಿವಾಸವಾಗಿ ಉಳ್ಳವರಿಗೆ ಮತದ ಹಕ್ಕು ದೊರೆಯಿತು. ಉಳಿದವರು ವಿದ್ಯೆ ಮತ್ತು ಆಸ್ತಿಯ ಅರ್ಹತೆಯನ್ನು ತೋರಿಸಬೇಕಿತ್ತು. ಇಲ್ಲವೇ 5 ವರ್ಷಗಳ ವಾಸ್ತವ್ಯದ ಆಧಾರದ ಮೇಲೆ ಶಾಶ್ವತವಾಗಿ ನೆಲೆಸಿದ ಪ್ರಮಾಣಪತ್ರವನ್ನು ಪಡೆಯಬೇಕಿತ್ತು. ‘ಶಾಶ್ವತವಾಗಿ ನೆಲೆಸುವುದು’ ಎಂಬ ಮಾತು ಆಡಳಿತದ ಪರಿಭಾಷೆಗೆ ಹೀಗೆ ಪ್ರವೇಶಿಸಿತು. ಮುಂದಿನ ಎಲ್ಲ ವಿವಾದಗಳಿಗೂ ಅದೇ ಬೀಜ.

1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಡಿ. ಎಸ್. ಸೇನಾನಾಯಕೆ ಅವರ ಸರ್ಕಾರ ಅದೇ ವರ್ಷ ಪೌರತ್ವ ಕಾಯಿದೆಯನ್ನು (1948ರ 18ನೆಯ ಕಾಯಿದೆ) ತಂದಿತು. ನವೆಂಬರ್ 15ರಿಂದ ಅದು ಜಾರಿಗೆ ಬಂದಿತು. ಅದರ ಪ್ರಕಾರ ದ್ವೀಪದಲ್ಲಿ ಹುಟ್ಟಿದ್ದರೆ ಮಾತ್ರ ಸಾಲದು. ಹಾಗೆ ಹುಟ್ಟಿದವನ ತಂದೆಯೂ ಅಲ್ಲಿಯೇ ಹುಟ್ಟಿರಬೇಕು. ಅದಿಲ್ಲವಾದರೆ ತಂದೆಯ ತಂದೆ ಹಾಗೂ ಮುತ್ತಾತ ಇಬ್ಬರೂ ಅಲ್ಲಿ ಹುಟ್ಟಿರಬೇಕು. ಲೈನ್ ಮನೆಯ ಕುಟುಂಬವೊಂದು ಮುತ್ತಾತನ ಜನನಕ್ಕೆ ಲಿಖಿತ ಪ್ರಮಾಣ ಒದಗಿಸುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ಹೇಳಬೇಕಾಗಿಲ್ಲ. ಆ ಕಾಯಿದೆಯಿಂದ ಹೊರಗುಳಿದವರಿಗಾಗಿ ಮರುವರ್ಷ ಇನ್ನೊಂದು ಕಾಯಿದೆ ಬಂದಿತು. ಅದೇ 1949ರ 3ನೆಯ ಕಾಯಿದೆಯಾದ ಭಾರತೀಯ ಮತ್ತು ಪಾಕಿಸ್ತಾನಿ ನಿವಾಸಿಗಳ (ಪೌರತ್ವ) ಕಾಯಿದೆ. ಅದೇ ವರ್ಷದ 48ನೆಯ ಕಾಯಿದೆಯು ಮತದಾರರ ಪಟ್ಟಿಯನ್ನು ಪೌರರಿಗೆ ಮಾತ್ರ ಸೀಮಿತಗೊಳಿಸಿತು. ಹೀಗಾಗಿ ಅರ್ಜಿಯ ಫಲಿತಾಂಶದ ಮೇಲೆ ಮತದ ಹಕ್ಕೂ ನಿಂತಿತು. 1947ರ ಚುನಾವಣೆಯಲ್ಲಿ ತೋಟ ಪ್ರದೇಶದಿಂದ ತಮ್ಮ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳುಹಿಸಿದ್ದ ಸಮುದಾಯ 1952ರ ಚುನಾವಣೆಯಲ್ಲಿ ಒಬ್ಬರನ್ನೂ ಕಳುಹಿಸಲಾಗಲಿಲ್ಲ.

2. ಸಿದ್ಧಪಡಿಸಬೇಕಾಗಿದ್ದ ಸಂಗತಿಗಳು

1949ರ ಕಾಯಿದೆ 1946ರ ಜನವರಿ 1ನ್ನು ಗಡಿ ದಿನವಾಗಿ ಇಟ್ಟುಕೊಂಡಿತು. ಆ ದಿನಕ್ಕೆ ನಿಕಟಪೂರ್ವವಾಗಿ ವಿವಾಹಿತರಿಗೆ 7 ವರ್ಷ, ಅವಿವಾಹಿತರಿಗೆ 10 ವರ್ಷ ಅವಿಚ್ಛಿನ್ನ ವಾಸ್ತವ್ಯ ಇರಬೇಕು. ಆ ದಿನದಿಂದ ಅರ್ಜಿ ಸಲ್ಲಿಸುವ ದಿನದವರೆಗೂ ವಾಸ್ತವ್ಯ ಮುಂದುವರಿದಿರಬೇಕು. 1951ರಲ್ಲಿ ಅರ್ಜಿ ಸಲ್ಲಿಸಿದ ವಿವಾಹಿತನೊಬ್ಬ 1939ರ ಆರಂಭದಿಂದ 12 ವರ್ಷಗಳಿಗೂ ಮಿಕ್ಕ ಕಾಲಕ್ಕೆ, ಅವಿವಾಹಿತನೊಬ್ಬ 1936ರ ಆರಂಭದಿಂದ 15 ವರ್ಷಗಳಿಗೂ ಮಿಕ್ಕ ಕಾಲಕ್ಕೆ ಲೆಕ್ಕ ಒಪ್ಪಿಸಬೇಕಾಗಿತ್ತು. ನಡುವೆ ಊರಿಗೆ ಹೋಗಿಬಂದರೆ, ಒಂದೊಂದು ಸಲದ ಗೈರುಹಾಜರಿ 12 ತಿಂಗಳನ್ನು ಮೀರದಿದ್ದಲ್ಲಿ ಅದನ್ನು ಭಂಗವೆಂದು ಎಣಿಸುವಂತಿರಲಿಲ್ಲ.

ಕಾಲದ ಲೆಕ್ಕದ ಜೊತೆಗೆ ಬೇರೆ ನಿಬಂಧನೆಗಳೂ ಇದ್ದವು. ತನ್ನನ್ನೂ ತನ್ನ ಆಶ್ರಿತರನ್ನೂ ಸಾಕಲು ತಕ್ಕ ಆದಾಯ ಅಥವಾ ನ್ಯಾಯಬದ್ಧ ಜೀವನೋಪಾಯವಿರಬೇಕು. ವಿವಾಹಿತ ಪುರುಷನಾದರೆ ಹೆಂಡತಿಯೂ ಅಪ್ರಾಪ್ತ ವಯಸ್ಸಿನ ಮಕ್ಕಳೂ ದ್ವೀಪದಲ್ಲಿಯೇ ಅವಿಚ್ಛಿನ್ನವಾಗಿ ವಾಸವಿದ್ದರೆಂದು ತೋರಿಸಬೇಕು. ಅರ್ಜಿಯಲ್ಲಿನ ವಿವರಗಳನ್ನು ಪ್ರಮಾಣಪತ್ರದ ಮೂಲಕ ದೃಢೀಕರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿದಾರ ಭಾರತದಿಂದ ಬಂದು ಸಿಲೋನಿನಲ್ಲಿ ‘ಶಾಶ್ವತವಾಗಿ ನೆಲೆಸಿದವ’ ಅಥವಾ ಅಂಥವರ ಸಂತತಿಯವ ಆಗಿರಬೇಕು.

ಇಲ್ಲಿ ಎರಡು ಭಾವನೆಗಳು ಬೆರೆತಿರುವುದನ್ನು ಗಮನಿಸಬೇಕು. ವಾಸ್ತವ್ಯವೆಂಬುದು ದೇಹ ಇರುವ ಜಾಗಕ್ಕೆ ಸಂಬಂಧಿಸಿದ್ದು. ದಿನ, ತಿಂಗಳು, ವರ್ಷಗಳಲ್ಲಿ ಅಳೆಯತಕ್ಕದ್ದು. ಅಧಿವಾಸವೆಂಬುದು ಮನಸ್ಸಿನ ಸಂಕಲ್ಪವನ್ನೂ ಒಳಗೊಂಡದ್ದು; ಇಲ್ಲಿಯೇ ಇರುತ್ತೇನೆ ಎಂಬ ನಿಶ್ಚಯವನ್ನು ಬೇಡತಕ್ಕದ್ದು. ಕನ್ನಡದಲ್ಲಿಯೂ ‘ಇರು’ ಎಂಬುದಕ್ಕೂ ‘ನೆಲಸು’ ಎಂಬುದಕ್ಕೂ ಈ ವ್ಯತ್ಯಾಸವಿದೆ. ಛತ್ರದಲ್ಲಿ ಇರುತ್ತೇವೆ, ಊರಿನಲ್ಲಿ ನೆಲಸುತ್ತೇವೆ. ಇದ್ದುದಕ್ಕೆ ಹಾಜರಿ ಪುಸ್ತಕ ಪುರಾವೆಯಾದೀತು. ನೆಲಸಿದುದಕ್ಕೆ ಪುರಾವೆ ಏನು? ಈ ಪ್ರಶ್ನೆ ಸಿಲೋನಿನ ಸುಪ್ರೀಂ ಕೋರ್ಟನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ತೆನ್ನಕೋನ್ ಮತ್ತು ದುರೈಸಾಮಿ ಎಂಬ ಹೆಸರಿನ ಪ್ರಕರಣವು ಈ ಬಗೆಯ ಚರ್ಚೆಗೆ ಮುಖ್ಯ ಆಕರ.

3. ಕಾಗದಗಳು ಮತ್ತು ಅವುಗಳ ಒಡೆತನ

ಅರ್ಜಿ ಸಲ್ಲಿಸಲು 1949ರ ಆಗಸ್ಟ್ 5ರಿಂದ 1951ರ ಆಗಸ್ಟ್ 5ರವರೆಗೆ ಎರಡು ವರ್ಷಗಳ ಅವಧಿಯಿತ್ತು. ಸಿಲೋನ್ ಇಂಡಿಯನ್ ಕಾಂಗ್ರೆಸ್ ಈ ಕಾಯಿದೆಯನ್ನು ಪ್ರತಿಭಟಿಸಿ ಮೊದಲಿಗೆ ಅರ್ಜಿಗಳನ್ನು ಬಹಿಷ್ಕರಿಸಿತು. ಬಳಿಕ ನಿಲುವನ್ನು ಬದಲಿಸಿ ಎಲ್ಲರೂ ಅರ್ಜಿ ಹಾಕಬೇಕೆಂದು ಕರೆಕೊಟ್ಟಿತು. ಇದರಿಂದಾಗಿ ಅರ್ಜಿಗಳ ಬಹುಭಾಗ ಅವಧಿಯ ಕೊನೆಯ ತಿಂಗಳುಗಳಲ್ಲಿ ಬಂದು ಬಿದ್ದಿತು. ಸುಮಾರು 2,37,000 ಅರ್ಜಿಗಳು. ಅವು ಒಳಗೊಂಡ ಜನ ಸುಮಾರು 8,24,000. ಅಂದಿನ ಆಡಳಿತ ಭಾಷೆ ಇಂಗ್ಲಿಷ್. ಅರ್ಜಿದಾರರಲ್ಲಿ ಬಹುಮಂದಿ ಅನಕ್ಷರಸ್ಥರು. ಕಾಗದಗಳನ್ನು ಹುಡುಕುವ, ಪ್ರತಿ ತೆಗೆಸುವ, ಬರೆಸುವ ಕೆಲಸವೆಲ್ಲ ಇನ್ನೊಬ್ಬರ ಕೈಯಿಂದಲೇ ನಡೆಯಬೇಕಿತ್ತು.

ಪುರಾವೆಗಳಾಗಿ ಬಳಕೆಗೆ ಬರಬಹುದಾಗಿದ್ದ ದಾಖಲೆಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು ತೋಟದ ಚೆಕ್‌ರೋಲ್. ಪ್ರತಿಯೊಬ್ಬ ಕೂಲಿಯ ದಿನದಿನದ ಹಾಜರಿಯನ್ನೂ ತಿಂಗಳ ಕೂಲಿಯ ಲೆಕ್ಕವನ್ನೂ ಬರೆಯುವ ಪುಸ್ತಕವಿದು. ವಾಸ್ತವ್ಯಕ್ಕೆ ಇದಕ್ಕಿಂತ ನಿಕಟವಾದ ಸಾಕ್ಷ್ಯ ಬೇರೊಂದಿಲ್ಲ. ಆದರೆ ಅದು ಕೂಲಿ ಬಟವಾಡೆಗಾಗಿ ಇಟ್ಟ ಪುಸ್ತಕ, ಒಡೆತನ ತೋಟದ್ದು. ಲೆಕ್ಕ ತೀರಿದ ಮೇಲೆ ಅದನ್ನು ದಶಕಗಳ ಕಾಲ ಕಾಪಾಡುವ ಅಗತ್ಯ ತೋಟದ ಕಚೇರಿಗೆ ಇರಲಿಲ್ಲ. ಗೆದ್ದಲು, ಮಳೆ, ತೋಟದ ಮಾರಾಟ, ಕಚೇರಿಯ ಸ್ಥಳಾಂತರ ಇವುಗಳಲ್ಲಿ ಯಾವುದಾದರೊಂದು ಸಾಕು, ಹತ್ತು ವರ್ಷಗಳ ಹಾಜರಿ ಇಲ್ಲವಾಗಲು.

ಎರಡನೆಯದು ಬಿಡುಗಡೆ ಚೀಟಿ. ಒಂದು ತೋಟದಿಂದ ಮತ್ತೊಂದಕ್ಕೆ ಹೋಗುವ ಕಾರ್ಮಿಕನಿಗೆ ಮೊದಲ ತೋಟದವರು ಕೊಡುತ್ತಿದ್ದ ಪತ್ರವಿದು. ಹಿಂದೆ ‘ತುಂಡು’ ಎಂಬ ಹೆಸರಿನ ಚೀಟಿಯೊಂದು ಬಳಕೆಯಲ್ಲಿತ್ತು. ಕಾರ್ಮಿಕನ ತಲೆಯ ಮೇಲಿನ ಸಾಲ ತೀರಿಸಿದರೆ ಅವನನ್ನು ಬಿಟ್ಟುಕೊಡುವುದಾಗಿ ಅದರಲ್ಲಿ ಬರೆದಿರುತ್ತಿತ್ತು. 1921ರಲ್ಲಿ ಆ ಪದ್ಧತಿ ರದ್ದಾಯಿತು. ತೋಟ ಬದಲಿಸಿದವನ ಮಟ್ಟಿಗೆ ಒಂದು ಚೆಕ್‌ರೋಲಿನ ಕೊನೆಗೂ ಇನ್ನೊಂದರ ಮೊದಲಿಗೂ ನಡುವೆ ಸೇತುವೆಯಾಗಬಲ್ಲದ್ದು ಬಿಡುಗಡೆ ಚೀಟಿ ಮಾತ್ರ. ಅದು ಕಳೆದುಹೋದರೆ ವಾಸ್ತವ್ಯದ ಸರಪಳಿಯ ಕೊಂಡಿಯೇ ಕಳಚಿದಂತೆ.

ಮೂರನೆಯದು ಜನನ ದಾಖಲೆ. ಮಗುವಿನ ಜನನ ಪ್ರಮಾಣಪತ್ರ ತಾಯಿ ಆ ದಿನ ದ್ವೀಪದಲ್ಲಿದ್ದಳೆಂಬುದಕ್ಕೆ ಗಟ್ಟಿ ಪುರಾವೆ. ಮೂರು ನಾಲ್ಕು ಮಕ್ಕಳ ಪ್ರಮಾಣಪತ್ರಗಳಿದ್ದರೆ ಅವುಗಳ ನಡುವಣ ವರ್ಷಗಳನ್ನು ಊಹಿಸಿಕೊಳ್ಳಬಹುದು. ಆದರೆ ಕಾಯಿದೆ ಕೇಳಿದ್ದು ಅವಿಚ್ಛಿನ್ನತೆಯನ್ನು. ಜನನ ಪ್ರಮಾಣಪತ್ರ ಒಂದು ದಿನವನ್ನು ಹೇಳುತ್ತದೆ, ಎರಡು ದಿನಗಳ ನಡುವಣ ಕಾಲವನ್ನು ಹೇಳುವುದಿಲ್ಲ.

ನಾಲ್ಕನೆಯದು ಶಾಲೆಯ ದಾಖಲಾತಿ ಪುಸ್ತಕ. ಮಕ್ಕಳು ಓದಿದ ವರ್ಷಗಳ ಮಟ್ಟಿಗೆ ಇದು ಉಪಯುಕ್ತ. ಆದರೆ ಎಷ್ಟೋ ಮಕ್ಕಳು ಸಣ್ಣ ವಯಸ್ಸಿನಲ್ಲೇ ಕೆಲಸಕ್ಕೆ ಇಳಿಯುತ್ತಿದ್ದ ಕಾರಣ ಇದರ ವ್ಯಾಪ್ತಿ ಕಿರಿದು.

ಐದನೆಯದು ಎರಡನೆಯ ಮಹಾಯುದ್ಧದ ಕಾಲದ ಪಡಿತರ ದಾಖಲೆಗಳು. ಅಕ್ಕಿಯ ಪಡಿತರವನ್ನು ಮನೆಯ ತಲೆಯೆಣಿಕೆಯ ಮೇಲೆ ಕೊಡುವ ಕ್ರಮವಿದ್ದ ಕಡೆ ಹೆಂಗಸರು, ಮಕ್ಕಳು, ವೃದ್ಧರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಚೆಕ್‌ರೋಲಿನಲ್ಲಿ ಹೆಸರಿಲ್ಲದವರ ಪಾಲಿಗೆ ಇಂತಹ ದಾಖಲೆಯೇ ಆಧಾರ.

ಆರನೆಯದು ಮೌಖಿಕ ಸಾಕ್ಷ್ಯ ಮತ್ತು ಪ್ರಮಾಣಪತ್ರ. ಕಂಗಾಣಿ, ನೆರೆಯ ಲೈನಿನವರು, ತೋಟದ ಗುಮಾಸ್ತ ಇವರ ಹೇಳಿಕೆಗಳು. ವಿಚಾರಣಾಧಿಕಾರಿಗೆ ಇವು ಎಷ್ಟು ತೂಕದವಾಗಿ ಕಂಡವು ಎಂಬುದರ ಮೇಲೆಯೇ ಅನೇಕ ಅರ್ಜಿಗಳ ಗತಿ ನಿಂತಿತ್ತು.

ಈ ಪಟ್ಟಿಯನ್ನು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಹುಪಾಲು ದಾಖಲೆಗಳು ಅರ್ಜಿದಾರನ ಮನೆಯಲ್ಲಿ ಇರತಕ್ಕವಲ್ಲ. ಅವು ತೋಟದ ಕಚೇರಿಯಲ್ಲಿ, ರಿಜಿಸ್ಟ್ರಾರರ ಕಚೇರಿಯಲ್ಲಿ, ಶಾಲೆಯಲ್ಲಿ ಇರತಕ್ಕವು. ಪುರಾವೆಯ ಭಾರ ಅರ್ಜಿದಾರನ ಮೇಲೆ; ಪುರಾವೆಯ ಒಡೆತನ ಇನ್ನೊಬ್ಬರದು. ಸ್ವಂತ ಭೂಮಿ ಇದ್ದವನಿಗೆ ಕ್ರಯಪತ್ರವಿರುತ್ತದೆ, ಕಂದಾಯದ ರಸೀದಿ ಇರುತ್ತದೆ, ಅವು ಅವನ ಪೆಟ್ಟಿಗೆಯಲ್ಲೇ ಇರುತ್ತವೆ. ಲೈನ್ ಮನೆಯ ಕೋಣೆ ತೋಟದ್ದು. ಅದಕ್ಕೆ ಬಾಡಿಗೆಯೂ ಇಲ್ಲ, ರಸೀದಿಯೂ ಇಲ್ಲ. ಕೆಲಸ ಬಿಟ್ಟ ದಿನವೇ ವಿಳಾಸವೂ ತಪ್ಪುತ್ತದೆ.

4. ತೊಡಕುಗಳು

ದಾಖಲೆ ದೊರೆತಾಗಲೂ ತೊಡಕುಗಳು ಮುಗಿಯುತ್ತಿರಲಿಲ್ಲ. ಅವುಗಳಲ್ಲಿ ಮೂರು ಮುಖ್ಯವಾದವು.

ಒಂದು, ಹೆಸರಿನ ತೊಡಕು. ತಮಿಳು ಕಾರ್ಮಿಕರಿಗೆ ಮನೆತನದ ಅಡ್ಡಹೆಸರಿಲ್ಲ. ತಂದೆಯ ಹೆಸರಿನಿಂದ ಗುರುತು. ರಾಮಸಾಮಿ, ಮುತ್ತುಸಾಮಿ, ಮಾರಿಯಾಯಿ ಮೊದಲಾದ ಹೆಸರುಗಳು ಒಂದೇ ತೋಟದಲ್ಲಿ ಹಲವರಿಗಿರುವುದು ಸಾಮಾನ್ಯ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಹೆಸರು ಒಂದು ಪುಸ್ತಕದಲ್ಲಿ ಒಂದು ರೂಪ, ಇನ್ನೊಂದರಲ್ಲಿ ಮತ್ತೊಂದು ರೂಪ ತಾಳುತ್ತದೆ. ಎರಡೂ ಒಬ್ಬನದೇ ಎಂದು ತೋರಿಸಲು ಮತ್ತೆ ಬೇರೆ ಪುರಾವೆ ಬೇಕಾಗುತ್ತದೆ. ಹಳೆಯ ಮೈಸೂರು ಸಂಸ್ಥಾನದ ಕಂದಾಯ ದಾಖಲೆಗಳಲ್ಲಿ ಕೆಲಸ ಮಾಡಿದವರಿಗೂ ಈ ಕಷ್ಟ ಹೊಸದಲ್ಲ.

ಎರಡು, ಗೈರುಹಾಜರಿಯ ತೊಡಕು. ಮದುವೆ, ಹೆರಿಗೆ, ಸಾವು, ಕುಲದೇವತೆಯ ಹಬ್ಬ ಇವುಗಳಿಗಾಗಿ ಊರಿಗೆ ಹೋಗಿಬರುವುದು ರೂಢಿ. ಸಾಮಾನ್ಯ ಕಾಲದಲ್ಲಿ ಅದು ಕೆಲವು ತಿಂಗಳ ಮಾತು. ಆದರೆ ಕಾಯಿದೆ ಲೆಕ್ಕಕ್ಕೆ ತೆಗೆದುಕೊಂಡ ವರ್ಷಗಳು ಸಾಮಾನ್ಯವಾದವಲ್ಲ. ಅಕುಶಲ ಕಾರ್ಮಿಕರು ಸಿಲೋನಿಗೆ ಹೋಗುವುದನ್ನು ಭಾರತ ಸರ್ಕಾರ 1939ರ ಆಗಸ್ಟ್ 1ರಿಂದ ನಿಷೇಧಿಸಿತು. ಮುಂದಿನ ತಿಂಗಳಲ್ಲೇ ಯುದ್ಧ ಆರಂಭವಾಯಿತು. 1942ರ ಏಪ್ರಿಲ್‌ನಲ್ಲಿ ಕೊಲಂಬೊ ಮತ್ತು ಟ್ರಿಂಕೋಮಲಿಗಳ ಮೇಲೆ ಜಪಾನಿ ವಿಮಾನಗಳು ದಾಳಿ ಮಾಡಿದವು. ಇಂತಹ ಕಾಲದಲ್ಲಿ ಊರಿಗೆ ಹೋದವರು ನೆನೆದ ದಿನ ಮರಳುವುದು ಸುಲಭವಾಗಿರಲಿಲ್ಲ. 12 ತಿಂಗಳ ಗಡಿಯನ್ನು ಒಂದು ತಿಂಗಳು ಮೀರಿದರೂ ಇಡೀ ವಾಸ್ತವ್ಯಕ್ಕೆ ಭಂಗ ಬರುವ ಸಂಭವವಿತ್ತು.

ಮೂರು, ಹೆಂಡತಿ ಮಕ್ಕಳ ವಾಸ್ತವ್ಯದ ತೊಡಕು. ಗಂಡನ ಲೆಕ್ಕ ಎಷ್ಟೇ ಸರಿಯಾಗಿದ್ದರೂ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿ ನಿಂತಿದ್ದರೆ, ಮಗನೊಬ್ಬ ಅಜ್ಜಿಯ ಊರಿನಲ್ಲಿ ಓದುತ್ತಿದ್ದರೆ, ಇಡೀ ಕುಟುಂಬದ ಅರ್ಜಿಗೆ ಕುಂದು ತಟ್ಟುತ್ತಿತ್ತು. ಸಂಪ್ರದಾಯದಂತೆ ನಡೆದುಕೊಂಡದ್ದೇ ಕಾನೂನಿನ ಕಣ್ಣಿಗೆ ನೆಲೆಯಿಲ್ಲದಿರುವಿಕೆಯ ಲಕ್ಷಣವಾಗಿ ಕಂಡಿತು.

ಈ ದೃಷ್ಟಿಗೆ ನ್ಯಾಯಾಂಗದ ಸಮರ್ಥನೆಯೂ ದೊರೆಯಿತು. ಪೌರತ್ವ ಹಾಗೂ ಮತದಾನದ ಕಾಯಿದೆಗಳು ಒಂದು ಸಮುದಾಯದ ವಿರುದ್ಧ ತಾರತಮ್ಯ ಮಾಡುತ್ತವೆಂದು ಪ್ರಶ್ನಿಸಿದ ಕೋಡಕನ್ ಪಿಳ್ಳೈ ಮತ್ತು ಮುದನಾಯಕೆ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1953ರಲ್ಲಿ ಆ ಕಾಯಿದೆಗಳನ್ನು ಎತ್ತಿಹಿಡಿಯಿತು. ಭಾರತೀಯ ತಮಿಳರ ಓಡಾಟದ ಅಭ್ಯಾಸಗಳು ಪೌರತ್ವದ ಅರ್ಹತೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಗಳೆಂದು ಅದು ಅಭಿಪ್ರಾಯಪಟ್ಟಿತು.

5. ಎರಡು ದೇಶ, ಎರಡು ಬಗೆಯ ಪುರಾವೆ

ಸಿಲೋನಿನ ಅರ್ಜಿ ತಿರಸ್ಕೃತವಾದವನಿಗೆ ಭಾರತದ ಪೌರತ್ವ ತಾನಾಗಿ ಬರುತ್ತಿತ್ತೆಂದು ಭಾವಿಸುವುದು ಸರಿಯಲ್ಲ. ಭಾರತ ಸಂವಿಧಾನದ 5ನೆಯ ಅನುಚ್ಛೇದ ಭಾರತದಲ್ಲಿ ಅಧಿವಾಸ ಉಳ್ಳವರಿಗೆ ಸಂಬಂಧಿಸಿದ್ದು. ಹೊರದೇಶದಲ್ಲಿ ವಾಸಿಸುವ ಭಾರತೀಯ ಮೂಲದವರಿಗೆ ಅನ್ವಯಿಸುವುದು 8ನೆಯ ಅನುಚ್ಛೇದ. ಅದರ ಪ್ರಕಾರ, ತಾನು ಅಥವಾ ತನ್ನ ತಂದೆತಾಯಿಗಳಲ್ಲಿ ಒಬ್ಬರು ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು 1935ರ ಭಾರತ ಸರ್ಕಾರ ಕಾಯಿದೆಯಲ್ಲಿ ಹೇಳಿದ ಭಾರತದಲ್ಲಿ ಹುಟ್ಟಿದ್ದು, ಅರ್ಜಿ ಸಲ್ಲಿಸಿ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಣಿ ಪಡೆದವನು ಭಾರತದ ಪೌರನೆನಿಸುತ್ತಾನೆ.

ಈ ಎರಡು ಕಾನೂನುಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಭಾರತದ ಅರ್ಜಿಗೆ ಊರಿನ ಹೆಸರು, ತಾತನ ಹೆಸರು, ಅಲ್ಲಿರುವ ಬಂಧುಗಳು, ಹೋಗಿಬಂದ ಗುರುತು ಇವೆಲ್ಲ ಬಲ ಕೊಡುತ್ತವೆ. ಸಿಲೋನಿನ ಅರ್ಜಿಗೆ ಇವೇ ಅಡ್ಡಿ. ಊರಿನಲ್ಲಿ ತುಂಡು ಜಮೀನಿದ್ದರೆ, ತಾಯಿಗೆ ಹಣ ಕಳುಹಿಸುತ್ತಿದ್ದರೆ, ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದರೆ, ‘ಶಾಶ್ವತವಾಗಿ ನೆಲೆಸಿದವ’ ಎಂಬ ಮಾತಿಗೆ ಸಂದೇಹ ಹುಟ್ಟುತ್ತದೆ. ಒಂದೇ ಕಾಗದ ಒಂದು ಕಚೇರಿಯಲ್ಲಿ ಆಧಾರ, ಇನ್ನೊಂದರಲ್ಲಿ ಆಕ್ಷೇಪಣೆ. ಯಾವ ಕಾಗದವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೋರಿಸಬಾರದು ಎಂಬುದನ್ನು ನಿರ್ಧರಿಸಬೇಕಾದವನು ಓದು ಬಾರದ ಕೂಲಿ. ಎರಡೂ ಕಡೆ ಸೋತವರು ಯಾವ ದೇಶಕ್ಕೂ ಸೇರದವರಾದರು.

ಅರ್ಜಿಗಳ ವಿಲೇವಾರಿ 1960ರ ದಶಕದ ಆರಂಭದವರೆಗೂ ಎಳೆಯಿತು. ಸುಮಾರು 8,24,000 ಜನರಲ್ಲಿ ಪೌರತ್ವ ಪಡೆದವರು ಸುಮಾರು 1,34,000. ಅಂದರೆ ಆರರಲ್ಲಿ ಒಂದು ಪಾಲು. ಉಳಿದವರೆಲ್ಲರೂ ದ್ವೀಪದಲ್ಲಿ ವಾಸವಿರಲಿಲ್ಲ ಎಂದು ಈ ಅಂಕಿಯಿಂದ ತೀರ್ಮಾನಿಸಲಾಗದು. ಕಾನೂನು ಕೇಳಿದ ರೂಪದಲ್ಲಿ, ಕೇಳಿದ ಅವಧಿಗೆ, ತಮ್ಮದೂ ಕುಟುಂಬದ್ದೂ ವಾಸ್ತವ್ಯವನ್ನು ಅವರು ಸಿದ್ಧಪಡಿಸಲಾಗಲಿಲ್ಲ ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ.

6. ಪುರಾವೆಯಿಂದ ಘೋಷಣೆಯ ಕಡೆಗೆ

ಪ್ರಶ್ನೆ ಬಳಿಕ ಎರಡು ಸರ್ಕಾರಗಳ ನಡುವಣ ಮಾತುಕತೆಯ ವಿಷಯವಾಯಿತು. 1954ರ ನೆಹರು-ಕೊತ್ತಲಾವಲ ಒಪ್ಪಂದ ಫಲಕಾರಿಯಾಗಲಿಲ್ಲ. 1964ರ ಅಕ್ಟೋಬರ್ 30ರಂದು ಆದ ಸಿರಿಮಾವೊ-ಶಾಸ್ತ್ರಿ ಒಪ್ಪಂದವು ಯಾವ ದೇಶದ ಪೌರತ್ವವೂ ಇಲ್ಲದವರ ಸಂಖ್ಯೆಯನ್ನು 9,75,000 ಎಂದು ಅಂದಾಜು ಮಾಡಿತು. ಅವರಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ಸ್ವೀಕರಿಸಬೇಕೆಂದು ಗೊತ್ತಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಸಮಪಾಲಾಗಿ ಹಂಚಲಾಯಿತು. ವಾಸ್ತವ್ಯದ ಪ್ರಶ್ನೆ ಇಲ್ಲಿ ಸಂಖ್ಯೆಯ ಪ್ರಶ್ನೆಯಾಯಿತು. ಯಾರು ಎಲ್ಲಿ ನೆಲೆಸಿದ್ದರು ಎಂಬುದಕ್ಕಿಂತ ಯಾರ ಪಾಲಿಗೆ ಎಷ್ಟು ಮಂದಿ ಎಂಬುದು ಮುಖ್ಯವಾಯಿತು.

ಭಾರತದ ಪಾಲಿಗೆ ನಿಗದಿಯಾದ 6,00,000 ಜನರಲ್ಲಿ ಅರ್ಜಿ ಸಲ್ಲಿಸಿದವರು ಸುಮಾರು 5,06,000. ರಾಮೇಶ್ವರ ಮತ್ತು ತಲೈಮನ್ನಾರ್ ನಡುವಣ ಹಡಗು ಸಂಚಾರ 1984ರಲ್ಲಿ ನಿಂತುಹೋದ ಕಾರಣ, ಭಾರತದ ಪೌರತ್ವ ಪಡೆದೂ ಹೊರಡಲಾಗದೆ ಉಳಿದವರೂ ಇದ್ದರು. ಅರ್ಜಿ ಹಾಕದೆ ಉಳಿದ 94,000 ಜನರಿಗಾಗಿ ಶ್ರೀಲಂಕಾ 1986ರಲ್ಲಿ ಒಂದು ಕಾಯಿದೆಯನ್ನೂ, ಅದನ್ನು ಸುಗಮಗೊಳಿಸಲು 1988ರಲ್ಲಿ ಇನ್ನೊಂದನ್ನೂ ತಂದಿತು.

ಕೊನೆಯ ದೊಡ್ಡ ಹೆಜ್ಜೆ 2003ರ 35ನೆಯ ಕಾಯಿದೆ. 1964ರ ಅಕ್ಟೋಬರ್ 30ರಿಂದ ಶ್ರೀಲಂಕಾದಲ್ಲಿ ಕಾಯಂ ವಾಸವಿದ್ದ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಡುವುದು ಅದರ ಉದ್ದೇಶ. ಇಲ್ಲಿಯೂ ವಾಸ್ತವ್ಯದ ದಿನಾಂಕವಿದೆ. ಆದರೆ ಪುರಾವೆಯ ಸ್ವರೂಪ ಬದಲಾಯಿತು. ಅರ್ಜಿದಾರನ ಘೋಷಣೆಗೆ ಮುಖ್ಯ ಸ್ಥಾನ ದೊರೆಯಿತು. ಅದೇ ವರ್ಷದ ಕೊನೆಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ನೆರವಿನಿಂದ ತೋಟ ಪ್ರದೇಶಗಳಲ್ಲಿಯೇ ಶಿಬಿರಗಳನ್ನು ನಡೆಸಿ, ಹತ್ತು ದಿನಗಳಲ್ಲಿ ಸುಮಾರು 1,90,000 ಜನರಿಗೆ ಪೌರತ್ವ ಒದಗಿಸಲಾಯಿತು. ಅಂತರ್ಯುದ್ಧದ ಕಾಲದಲ್ಲಿ ಭಾರತಕ್ಕೆ ಓಡಿಬಂದವರು ವಾಸ್ತವ್ಯದ ಷರತ್ತಿನಿಂದ ಹೊರಗುಳಿಯಬಾರದೆಂದು 2009ರಲ್ಲಿ ಮತ್ತೆ ತಿದ್ದುಪಡಿಯಾಯಿತು.

1949ರ ವ್ಯವಸ್ಥೆಯಲ್ಲಿ ಹನ್ನೊಂದು ಹನ್ನೆರಡು ವರ್ಷ ಹಿಡಿದ ಕೆಲಸಕ್ಕೆ 2003ರಲ್ಲಿ ಹತ್ತು ದಿನ ಸಾಕಾಯಿತು. ಜನ ಅದೇ ಸಮುದಾಯದವರು. ಲೈನ್ ಮನೆಗಳೂ ಅವೇ. ಬದಲಾದದ್ದು ಪುರಾವೆಯ ಭಾರವನ್ನು ಯಾರು ಹೊರಬೇಕು ಎಂಬ ತೀರ್ಮಾನ.

7. ಸಂಶೋಧಕರಿಗೆ ಕೆಲವು ಸೂಚನೆಗಳು

ಈ ವಿಷಯದಲ್ಲಿ ಮುಂದಿನ ಕೆಲಸ ಮಾಡಬಯಸುವವರಿಗೆ ಆಕರಗಳು ಕರ್ನಾಟಕದ ಹೊರಗೆಯೇ ಹೆಚ್ಚು. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಮದರಾಸು ಸರ್ಕಾರದ ಆದೇಶಗಳಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ವಲಸೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಕಡತಗಳಿವೆ. ಭಾರತ ಸರ್ಕಾರದ ಪರವಾಗಿ ಸಿಲೋನಿನಲ್ಲಿದ್ದ ಏಜೆಂಟರ ವಾರ್ಷಿಕ ವರದಿಗಳು ತೋಟದ ಬದುಕಿನ ವಿವರಗಳಿಗೆ ಉಪಯುಕ್ತ. ಸಿಲೋನಿನ ನ್ಯೂ ಲಾ ರಿಪೋರ್ಟ್ಸ್ ಸಂಪುಟಗಳಲ್ಲಿ ಪೌರತ್ವ ಮೇಲ್ಮನವಿಗಳ ತೀರ್ಪುಗಳಿವೆ. ಒಬ್ಬೊಬ್ಬ ಕಾರ್ಮಿಕನ ಅರ್ಜಿಯನ್ನು ಅಧಿಕಾರಿ ಹೇಗೆ ಓದಿದನೆಂಬುದು ತಿಳಿಯುವುದು ಅಲ್ಲಿಯೇ.

ಸುಳ್ಯ, ಪುತ್ತೂರುಗಳಲ್ಲಿ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದು ನೆಲೆಸಿದ ಕುಟುಂಬಗಳು ಕ್ಷೇತ್ರಕಾರ್ಯಕ್ಕೆ ಹತ್ತಿರದವು. ನೀಲಗಿರಿಯ ಸರ್ಕಾರಿ ಚಹಾ ತೋಟಗಳು ಹಾಗೂ ಕೇರಳದ ಪುನಲೂರಿನ ರಬ್ಬರ್ ತೋಟಗಳೂ ಇಂತಹವೇ. ಸುಳ್ಯದ ಕುಟುಂಬಗಳ ಮನೆಮಾತು ತಮಿಳು, ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದವರು, ಸುತ್ತಲಿನದು ತುಳು. ಇಲ್ಲಿಯೂ ಕಾಗದದ ಪ್ರಶ್ನೆ ಅವರನ್ನು ಬಿಡಲಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆಯಾದ್ದರಿಂದ, ಮೂಲ ಊರು ಒಂದು ರಾಜ್ಯದಲ್ಲಿ, ವಾಸ ಇನ್ನೊಂದು ರಾಜ್ಯದಲ್ಲಿ ಇರುವ ಈ ಜನರಿಗೆ ಜಾತಿ ಪ್ರಮಾಣಪತ್ರ ಪಡೆಯುವುದು ಬಹುಕಾಲ ತೊಡಕಿನ ವಿಷಯವಾಯಿತು.

ಕೊನೆಯದಾಗಿ ವಿಧಾನದ ಬಗೆಗೆ ಒಂದು ಮಾತು. ವಾಸ್ತವ್ಯದ ಪುರಾವೆಯೆಂದು ಬಳಕೆಯಾದ ಯಾವುದೇ ದಾಖಲೆಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದನ್ನು ಬರೆದವರು ಯಾರು? ಯಾವ ಉದ್ದೇಶಕ್ಕಾಗಿ ಬರೆದರು? ಇದು ಯಾವ ಯಾವ ದಿನಗಳಿಗೆ ಸಾಕ್ಷಿ ನುಡಿಯುತ್ತದೆ, ಯಾವ ದಿನಗಳ ಬಗೆಗೆ ಮೌನವಾಗಿದೆ? ಚೆಕ್‌ರೋಲಿನ ಒಂದು ಖಾಲಿ ಮನೆ ಕಾರ್ಮಿಕ ಆ ದಿನ ಕೂಲಿ ಪಡೆಯಲಿಲ್ಲವೆಂದು ಹೇಳುತ್ತದೆ. ಅವನು ಕಾಯಿಲೆ ಬಿದ್ದು ಲೈನ್ ಮನೆಯಲ್ಲೇ ಮಲಗಿದ್ದನೋ, ಸಮುದ್ರ ದಾಟಿ ಊರಿಗೆ ಹೋಗಿದ್ದನೋ ಹೇಳುವುದಿಲ್ಲ. ಮುಂಬಯಿಯ ಗಿರಣಿಗಳಲ್ಲಿ, ಹೋಟೆಲುಗಳಲ್ಲಿ ದುಡಿದ ಕನ್ನಡಿಗರ ಇತಿಹಾಸವನ್ನು ಬರೆಯುವವರಿಗೂ ಈ ಎಚ್ಚರ ಬೇಕು. ಹೋಟೆಲಿನ ಮಾಳಿಗೆಯಲ್ಲಿ ಮಲಗಿ, ಮಳೆಗಾಲದಲ್ಲಿ ಊರಿಗೆ ಹೋಗಿಬರುತ್ತಿದ್ದ ಹುಡುಗನ ವಾಸ್ತವ್ಯಕ್ಕೆ ಯಾವ ಬಾಡಿಗೆ ರಸೀದಿ ಸಿಕ್ಕೀತು? ಮಹಾರಾಷ್ಟ್ರದಲ್ಲಿ ಅಧಿವಾಸ ಪ್ರಮಾಣಪತ್ರಕ್ಕೆ 15 ವರ್ಷಗಳ ವಾಸ್ತವ್ಯ ತೋರಿಸಬೇಕಾದಾಗ ಅಲ್ಲಿನ ಕನ್ನಡ ಕುಟುಂಬಗಳು ಶಾಲೆಯ ದಾಖಲಾತಿಗಾಗಿ ಹುಡುಕುವುದೂ ಇದೇ ಕಾರಣಕ್ಕೆ. ಅಲ್ಲಿ ಪಣಕ್ಕಿರುವುದು ದೇಶದ ಪೌರತ್ವವಲ್ಲವಾದರೂ ಪುರಾವೆಯ ತರ್ಕ ಒಂದೇ.

ದಾಖಲೆಯಿಲ್ಲದ ಕಡೆ ಬದುಕೂ ಇರಲಿಲ್ಲವೆಂದು ಬರೆದರೆ, ಸಂಶೋಧಕನು 1951ರ ವಿಚಾರಣಾಧಿಕಾರಿಯ ತೀರ್ಪಿಗೇ ಮತ್ತೊಮ್ಮೆ ರುಜು ಹಾಕಿದಂತಾಗುತ್ತದೆ. ಸಿಲೋನಿನಿಂದ ಬಂದ ಮೊದಲ ತಲೆಮಾರಿನವರಲ್ಲಿ ಬದುಕಿರುವವರು ಈಗ ಕೆಲವರೇ. ಅವರು ದುಡಿದ ತೋಟಗಳ ಹೆಸರು, ವಾಸವಿದ್ದ ಲೈನು, ತೋಟ ಬದಲಿಸಿದ ವರ್ಷ, ಹೊರಟ ದಿನ ಇವುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಮುಂದಕ್ಕೆ ಹಾಕತಕ್ಕದ್ದಲ್ಲ.